ನಾಣ್ಯದ ಅಕ್ಷರ ಎರಡೆರಡು ಕಾಣ್ತಿದೆಯಾ? ‘ಡಬಲ್ಡ್ ಡೈ’ ಹೌದೋ ಅಲ್ಲವೋ ಹೀಗೆ ನೋಡಿ

ಹಳೆ ನಾಣ್ಯ ಕೊಟ್ರೆ ಲಕ್ಷ ಲಕ್ಷ ಸಿಗುತ್ತೆ ಅಂತ ಮೊಬೈಲ್‌ಗೆ ಮೆಸೇಜ್ ಬರೋದು ಹೊಸದಲ್ಲ. ಅಕ್ಷರ, ಇಸವಿ ಜೋಡಿಯಾಗಿ ಮೂಡಿದ ‘ಡಬಲ್ಡ್ ಡೈ’ ನಾಣ್ಯಕ್ಕೆ ಸಂಗ್ರಹಕಾರರಲ್ಲಿ ಬೆಲೆ ಇರುವುದೂ ನಿಜ. ಆದರೆ ಜೋಡಿ ಕಂಡದ್ದೆಲ್ಲ ಡಬಲ್ಡ್ ಡೈ ಅಲ್ಲ.

ಇದರಲ್ಲಿ ಹೆಸರುವಾಸಿ ಅಂದ್ರೆ ಅಮೆರಿಕದ ಫಿಲಡೆಲ್ಫಿಯಾ ಟಂಕಸಾಲೆಯ 1955ರ ಒಂದು ಸೆಂಟ್. ಲಿಂಕನ್ ಮುಖವಿರುವ ಬದಿಯಲ್ಲಿ ಇಸವಿ, ಅಕ್ಷರ ಎಲ್ಲವೂ ಬರಿಗಣ್ಣಿಗೇ ಎರಡೆರಡು. ತಪ್ಪು ಗೊತ್ತಾಗುವಷ್ಟರಲ್ಲಿ ಅವು ಒಳ್ಳೆ ನಾಣ್ಯಗಳ ರಾಶಿಗೆ ಸೇರಿಹೋಗಿದ್ದವು. 20 ಸಾವಿರಕ್ಕೂ ಹೆಚ್ಚು ಹೊರಬಿದ್ದವು ಅನ್ನೋದು ಅಂದಾಜು. ಆಗ ಅಲ್ಲಿ ಮಷಿನ್‌ಗೆ 25 ಸೆಂಟ್ ಹಾಕಿದರೆ 23 ಸೆಂಟಿನ ಸಿಗರೇಟ್ ಪ್ಯಾಕ್ ಬರ್ತಿತ್ತು, 2 ಸೆಂಟ್ ಚಿಲ್ಲರೆ ಪ್ಯಾಕ್‌ನ ಹೊರಹಾಳೆಯೊಳಗೇ ಇರ್ತಿತ್ತು. ಹಲವು ನಾಣ್ಯ ಜನರ ಕೈಸೇರಿದ್ದು ಹಾಗೆ. ಈಗ ಒಂದಕ್ಕೆ ಸಾವಿರ ಡಾಲರ್ ದಾಟುತ್ತದೆ, ನಕಲಿಗಳೂ ಬಂದಿವೆ.

ತಪ್ಪು ಆಗುವುದು ನಾಣ್ಯ ಒತ್ತುವಾಗ ಅಲ್ಲ, ಅಚ್ಚು ಮಾಡುವಾಗ. ಉಬ್ಬು ಚಿತ್ರದ ಉಕ್ಕಿನ ‘ಹಬ್’ ಅನ್ನು ಇನ್ನೊಂದು ಉಕ್ಕಿಗೆ ಒತ್ತಿದರೆ ಅಚ್ಚು, ಅಂದ್ರೆ ಡೈ ಸಿದ್ಧ. ಆಗೆಲ್ಲ ಒಂದೇ ಒತ್ತಿಗೆ ಚಿತ್ರ ಪೂರ್ತಿ ಮೂಡುತ್ತಿರಲಿಲ್ಲ. ಡೈ ಕಾಯಿಸಿ, ಮೆದು ಮಾಡಿ, ಮತ್ತೆ ಒತ್ತಬೇಕಿತ್ತು. ಎರಡನೇ ಸಲ ಚೂರು ತಿರುಗಿ ಕೂತರೆ ಮುಗೀತು, ಆ ಡೈಯಿಂದ ಬರುವ ಪ್ರತಿ ನಾಣ್ಯದಲ್ಲೂ ಅದೇ ಜಾಗದಲ್ಲಿ ಅದೇ ಜೋಡಿ.

ಗುರುತಿಸಲು ಅಕ್ಕಸಾಲಿಗರು ಬಳಸುವಂಥ 10 ಪಟ್ಟಿನ ಭೂತಗನ್ನಡಿ ಸಾಕು. ನಿಜವಾದದ್ದರಲ್ಲಿ ಎರಡನೇ ಅಕ್ಷರವೂ ದುಂಡಗೆ ಉಬ್ಬಿರುತ್ತದೆ, ಅಕ್ಷರದ ತುದಿ ಸೀಳಿದ ಹಾಗೆ ಕಾಣುತ್ತದೆ, ಅಕ್ಷರ ದಪ್ಪವಾಗಿರುತ್ತದೆ. ಒತ್ತುವಾಗ ಸಡಿಲ ಡೈ ಅಲುಗಿದ್ದರೆ ಎರಡನೆಯದು ಚಪ್ಪಟೆ, ಮೆಟ್ಟಿಲಿನ ಹಾಗೆ. ಅಕ್ಷರ ತೆಳುವಾಗಿರುತ್ತದೆ. ಇದಕ್ಕೆ ಹೆಚ್ಚಿನ ಬೆಲೆ ಇಲ್ಲ, ಜನ ಮೋಸಹೋಗೋದು ಹೆಚ್ಚಾಗಿ ಇಲ್ಲೇ. ಡೈ ಸವೆದಿದ್ದರೂ ಅಂಚು ಮಸುಕಾಗಿ ಜೋಡಿಯಂತೆ ಕಾಣುತ್ತದೆ. 1955ರದ್ದೇ ಅಂಥ ಸೆಂಟ್‌ಗಳಿವೆ, ಕೊನೆಯ 5 ಮಾತ್ರ ಎರಡಾಗಿ ಕಾಣುವಂಥವು. ‘ಬಡವರ ಡಬಲ್ಡ್ ಡೈ’ ಅಂತ ಹೆಸರು, ಬೆಲೆಯೂ ಹಾಗೇ.

ಈ ಪರೀಕ್ಷೆ ನಮ್ಮ ನಾಣ್ಯಗಳಿಗೂ ನಡೆಯುತ್ತದೆ. ಸರಿಯಾಗಿ ಕಾಣಲಿ ಅಂತ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಉಜ್ಜಿದ ನಾಣ್ಯಕ್ಕೆ ಬೆಲೆ ಬೀಳುತ್ತದೆ. ಮಾರಲು ಹೊರಟಾಗ ರಿಸರ್ವ್ ಬ್ಯಾಂಕ್ ಹೆಸರು ಹೇಳಿ ಯಾರಾದರೂ ಮೊದಲೇ ಕಮಿಷನ್, ತೆರಿಗೆ ಕೇಳಿದರೆ ಕೊಡಬೇಡಿ. ಹಳೆ ನಾಣ್ಯದ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕಾಗಿ ಹಣ ಕೇಳುವುದೂ ಇಲ್ಲ ಎಂದು ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿದೆ.