ಮಂಜೂರಾದ ಲೋಡ್ (ಗೃಹಬಳಕೆ)

ಮಂಜೂರಾದ ಲೋಡ್ ಎಂದರೆ ಒಂದು ಮನೆಯ ಸಂಪರ್ಕಕ್ಕೆ ವಿದ್ಯುತ್ ಸರಬರಾಜು ಕಂಪನಿ ಒಪ್ಪಿಗೆ ನೀಡಿದ ವಿದ್ಯುತ್ ಭಾರ; ಅಳತೆ ಕಿಲೋವ್ಯಾಟ್‌ಗಳಲ್ಲಿ. ಕರ್ನಾಟಕದಲ್ಲಿ ಬೆಸ್ಕಾಂ, ಹೆಸ್ಕಾಂ ಮೊದಲಾದ ಕಂಪನಿಗಳ ಬಿಲ್ಲಿನಲ್ಲಿ ಇದು ನಮೂದಾಗಿರುತ್ತದೆ; ನಿಗದಿತ ಶುಲ್ಕದ ಲೆಕ್ಕಕ್ಕೂ ಇದೇ ಆಧಾರ.

ಬಿಲ್ಲಿನ ಅಂಕಿಯೂ ಮನೆಯ ವೈರಿಂಗ್ ತಾಳುವ ಭಾರವೂ ಒಂದೇ ಆಗಿರಬೇಕೆಂದಿಲ್ಲ. ಕಂಬದಿಂದ ಬರುವ ಸರ್ವಿಸ್ ವೈರ್, ಮೀಟರ್, ಮುಖ್ಯ ಎಂಸಿಬಿ (ಪ್ರವಾಹ ಮಿತಿ ಮೀರಿದರೆ ತಾನಾಗಿ ಟ್ರಿಪ್ ಆಗಿ ಸಂಪರ್ಕ ಕಡಿಯುವ ಸ್ವಿಚ್), ಒಳಗಿನ ಮುಖ್ಯ ತಂತಿ, ಇವುಗಳಲ್ಲಿ ಅತಿ ಕಡಿಮೆ ಆಂಪಿಯರ್ ತಾಳುವುದೇ ವಾಸ್ತವ ಮಿತಿ. ಆಂಪಿಯರನ್ನು ವೋಲ್ಟೇಜಿನಿಂದ ಗುಣಿಸಿದರೆ ಸ್ಥೂಲವಾಗಿ ವ್ಯಾಟ್: 230 ವೋಲ್ಟಿನ ಸಿಂಗಲ್ ಫೇಸ್ ಸಂಪರ್ಕಕ್ಕೆ 32 ಆಂಪಿಯರಿನ ಎಂಸಿಬಿ ಇದ್ದರೆ ಸುಮಾರು 7.4 ಕಿಲೋವ್ಯಾಟ್, ಫೇಸಿಗೆ ಅಷ್ಟೇ ಇರುವ ತ್ರೀ ಫೇಸಿಗೆ 22. ತಂತಿ ಬದಲಿಸದೆ ಎಂಸಿಬಿಯನ್ನಷ್ಟೇ ದೊಡ್ಡದು ಮಾಡುವ ವಾಡಿಕೆ ಅಪಾಯಕರ; ತಂತಿ ಕಾದು ಹೊದಿಕೆ ಕರಗುತ್ತಿದ್ದರೂ ಎಂಸಿಬಿ ಟ್ರಿಪ್ ಆಗದಿರಬಹುದು.

ಅಗತ್ಯ ಅಂದಾಜಿಸುವಾಗ ಉಪಕರಣಗಳ ವ್ಯಾಟ್ ಕೂಡಿಸಿ, ಎಲ್ಲವೂ ಒಟ್ಟಿಗೆ ನಡೆಯದ ಕಾರಣ ಮೊತ್ತವನ್ನು ತಗ್ಗಿಸಲಾಗುತ್ತದೆ. ಗೀಸರುಗಳಿಗೆ ಈ ರಿಯಾಯಿತಿ ಅಷ್ಟಾಗಿ ಸಲ್ಲದು: ಬೆಳಗಿನ ಹೊತ್ತು 2 ಕಿಲೋವ್ಯಾಟಿನ ಎರಡು ಗೀಸರ್ ಒಟ್ಟಿಗೆ ಹಾಕಿದರೆ 17 ಆಂಪಿಯರಿಗೂ ಹೆಚ್ಚು ಹರಿಯುತ್ತದೆ. ಬಳಕೆ ಮಂಜೂರಾದ ಲೋಡನ್ನು ಮೀರುತ್ತಿದೆಯೇ ಎಂಬುದು ಡಿಜಿಟಲ್ ಮೀಟರ್ ದಾಖಲಿಸುವ ಗರಿಷ್ಠ ಬೇಡಿಕೆಯಿಂದ ತಿಳಿಯುತ್ತದೆ. ಲೋಡ್ ಹೆಚ್ಚಿಸಲು ಕಂಪನಿಗೆ ಅರ್ಜಿ ಸಲ್ಲಿಸಬೇಕು.