ಕೊಪ್ಪಳ ಸೀಮೆಯ ಶಿಶುಪಾಲನೆ

ಕೊಪ್ಪಳದ ಇತಿಹಾಸವನ್ನು ಬರೆಯುವವರು ಗವಿಮಠದ ಮತ್ತು ಪಾಲ್ಕಿಗುಂಡಿನ ಅಶೋಕಶಾಸನಗಳಿಂದ ಆರಂಭಿಸಿ, ಜೈನರ ಮಹಾತೀರ್ಥವಾಗಿದ್ದ ಕೋಪಣವನ್ನು ಕೊಂಡಾಡಿ, ಕೋಟೆಯ ಮುತ್ತಿಗೆಗಳಲ್ಲಿ ಮುಗಿಸುವುದು ವಾಡಿಕೆ. ಅರಸರ ಏಳುಬೀಳುಗಳಿಗೆ ಕಲ್ಲಿನ ಸಾಕ್ಷ್ಯವುಂಟು. ಆ ನೆಲದಲ್ಲಿ ಹುಟ್ಟಿದ ಕೂಸುಗಳಲ್ಲಿ ಉಳಿದವೆಷ್ಟು, ಅಳಿದವೆಷ್ಟು, ಉಳಿದವನ್ನು ಉಳಿಸಿಕೊಂಡವರು ಯಾರು ಎಂಬುದಕ್ಕೆ ಕಲ್ಲಿನಲ್ಲಿ ಅಕ್ಷರವಿಲ್ಲ. ಹಾಗೆಂದು ಆ ಇತಿಹಾಸ ಅಳಿದುಹೋಯಿತೆಂದು ತಿಳಿಯತಕ್ಕದ್ದಲ್ಲ. ಅದು ಬಾಣಂತಿಯ ಕೋಣೆಯ ಆಚಾರಗಳಲ್ಲಿಯೂ, ಕಿನ್ನಾಳದ ತೊಟ್ಟಿಲಿನಲ್ಲಿಯೂ, ಈಚಿನ ಕೆಲವು ವರ್ಷಗಳ ಆಸ್ಪತ್ರೆಯ ಲೆಕ್ಕಗಳಲ್ಲಿಯೂ ಹುಡುಕಿದರೆ ದೊರೆಯುವುದು.

ಹೆರಿಗೆಯಾದ ಐದನೆಯ ದಿನದ ರಾತ್ರಿ ಸೆಟವಿಯನ್ನು ಪೂಜಿಸುವ ಪದ್ಧತಿ ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಉಂಟು. ಆ ರಾತ್ರಿ ಅವಳು ಬಂದು ಕೂಸಿನ ಹಣೆಬರೆಹವನ್ನು ಬರೆಯುವಳೆಂದು ನಂಬಿಕೆ. ಸಂಸ್ಕೃತದ ಷಷ್ಠೀದೇವಿಯೇ ಜನರ ಬಾಯಲ್ಲಿ ಸೆಟವಿಯಾದಳು. ನೇಪಾಳದಲ್ಲಿ ದೊರೆತ ಹಸ್ತಪ್ರತಿಯಿಂದ 1938ರಲ್ಲಿ ಅಚ್ಚಾದ ಕಾಶ್ಯಪಸಂಹಿತೆಯಲ್ಲಿ, ಅಂದರೆ ಶಿಶುಚಿಕಿತ್ಸೆಗೆ ಮೀಸಲಾದ ಆ ಪ್ರಾಚೀನ ಗ್ರಂಥದಲ್ಲಿ, ಈ ದೇವಿಯ ಪ್ರಸ್ತಾಪ ಬಂದಿದೆ. ಇದನ್ನು ಬರಿಯ ಮೂಢನಂಬಿಕೆಯೆಂದು ನಗುವವರು ಒಂದು ಸಂಗತಿಯನ್ನು ಗಮನಿಸಬೇಕು. ಹುಟ್ಟಿದ ತಿಂಗಳೊಳಗೆ ತೀರಿಕೊಳ್ಳುವ ಕೂಸುಗಳಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ವಾರದಲ್ಲಿಯೇ ತೀರಿಕೊಳ್ಳುತ್ತವೆಂದು ಇಂದಿನ ವೈದ್ಯಶಾಸ್ತ್ರ ಲೆಕ್ಕ ಹಾಕಿ ಹೇಳುತ್ತದೆ. ಅಜ್ಜಿಯರ ಬಳಿ ಆ ಲೆಕ್ಕವಿರಲಿಲ್ಲ; ಭಯದ ದಿನಗಳು ಯಾವುವೆಂಬುದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿದ್ದಿತು. ಆ ದಿನಗಳಲ್ಲಿ ಬಾಣಂತಿಯನ್ನು ಒಂಟಿಯಾಗಿ ಬಿಡುತ್ತಿರಲಿಲ್ಲ. ಸೂಲಗಿತ್ತಿ ಎಣ್ಣೆನೀರು ಹಾಕುವಳು. ತಾಯಿ ಅಡುಗೆ ನೋಡುವಳು. ನೆರೆಮನೆಯವರು ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದುಕೊಡುವರು. ಸೋದರತ್ತೆ ತೊಟ್ಟಿಲಿಗೆ ಹಾಕಿ ಹೆಸರಿಡುವಳು. ಒಂದು ಕೂಸಿಗೆ ಹೀಗೆ ಹತ್ತು ಕೈಗಳು.

ಆ ತೊಟ್ಟಿಲಿಗೆ ಕೊಪ್ಪಳ ಸೀಮೆಯಲ್ಲಿ ಹೆಸರಾದ ಊರು ಕಿನ್ನಾಳ. ಅಲ್ಲಿಯ ಚಿತ್ರಗಾರರು ಹಗುರವಾದ ಮೆದುಮರವನ್ನು ಕೆತ್ತಿ, ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಅಂಟು ಇವುಗಳನ್ನು ಕೂಡಿಸಿದ ಕಿಟ್ಟವನ್ನು ಮೆತ್ತಿ, ಬಣ್ಣವಿಟ್ಟು, ತೊಟ್ಟಿಲುಗಳನ್ನೂ ಬೊಂಬೆಗಳನ್ನೂ ಮಾಡುತ್ತ ಬಂದವರು. ಮಗುವಿನ ಆಟಿಕೆ ಹೇಗಿರಬೇಕೆಂದು ಚರಕನು ಶಾರೀರಸ್ಥಾನದಲ್ಲಿ ವಿಧಿಸಿದ್ದಾನೆ: ಅದು ಬಣ್ಣಬಣ್ಣದ್ದಾಗಿರಬೇಕು, ಸದ್ದು ಮಾಡಬೇಕು, ಹಗುರವಾಗಿರಬೇಕು, ಮೊನೆ ಚೂಪಾಗಿರಬಾರದು, ಬಾಯೊಳಗೆ ಹೋಗುವಷ್ಟು ಸಣ್ಣದಾಗಿರಬಾರದು, ಮಗುವನ್ನು ಹೆದರಿಸಬಾರದು. ಇಂದಿನ ಶಿಶುಶಿಕ್ಷಣದ ಪಂಡಿತರು ಇದಕ್ಕೆ ಹೆಚ್ಚಾಗಿ ಸೇರಿಸುವುದು ಅಲ್ಪ. ಕಿನ್ನಾಳದ ಕುಶಲಿಗಳು ಚರಕನನ್ನು ಓದಿದ್ದರೋ ಇಲ್ಲವೋ, ಅವರ ಬೊಂಬೆ ಈ ಲಕ್ಷಣಕ್ಕೆ ಬಹುಮಟ್ಟಿಗೆ ಒಪ್ಪುವಂಥದು.

ಇಷ್ಟು ಹೇಳಿ ಹಿಂದಿನದೆಲ್ಲ ಹೊನ್ನಿನ ಕಾಲವೆಂದರೆ ಸತ್ಯಕ್ಕೆ ಅಪಚಾರವಾಗುವುದು. ತಾಯಿಯ ಮೊದಲ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿ ಕೂಸಿಗೆ ಸಕ್ಕರೆ ನೀರನ್ನೋ ಜೇನನ್ನೋ ನೆಕ್ಕಿಸಿದವರೂ ಆ ಹತ್ತು ಕೈಗಳವರೇ. ಹುಟ್ಟಿದೊಡನೆ ಮಗುವಿಗೆ ಸ್ನಾನ ಮಾಡಿಸಿ ಅದರ ಮೈಕಾವನ್ನು ಕಳೆದವರೂ, ಹೊಗೆ ತುಂಬಿದ ಕತ್ತಲೆಯ ಕೋಣೆಯಲ್ಲಿ ಅದನ್ನು ಮಲಗಿಸಿದವರೂ ಅವರೇ. ತುಂಬುತೂಕದ ಮಗು ಇದನ್ನೆಲ್ಲ ತಾಳಿಕೊಂಡೀತು. ತಿಂಗಳು ತುಂಬದೆ ಹುಟ್ಟಿದ್ದು ಹೇಗೆ ತಾಳೀತು?

ಸರ್ಕಾರದ ಕೈ ಈ ಕೋಣೆಯವರೆಗೆ ಬಂದದ್ದು ಬಹಳ ತಡವಾಗಿ. ಕೊಪ್ಪಳ ಯಲಬುರ್ಗಗಳು ಸಾಲಾರ್ ಜಂಗರ ಜಹಗೀರು; ಗಂಗಾವತಿ ಕುಷ್ಟಗಿಗಳೂ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. 1948ರಲ್ಲಿ ನಿಜಾಮನ ಆಳ್ವಿಕೆ ಕೊನೆಗಂಡಿತು, 1956ರಲ್ಲಿ ಈ ಸೀಮೆ ಕನ್ನಡಿಗರ ಒಂದೇ ರಾಜ್ಯದೊಳಗೆ ಬಂದಿತು, 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳವೇ ಜಿಲ್ಲೆಯಾಯಿತು. ಈ ನಡುವೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಮೊದಲು ನೆಲೆಯಾದದ್ದು ದೂರದ ತಿರುಮಕೂಡಲು ನರಸೀಪುರ. ಅಂಗನವಾಡಿ ಎಂಬ ಮಾತು ಕೊಪ್ಪಳದ ಹಳ್ಳಿಗಳ ಮನೆಮಾತಾದದ್ದು ಆಮೇಲೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಆಶಾ ಕಾರ್ಯಕರ್ತೆಯರು ಬಂದರು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಅವರು 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಹೋಗಿ ನೋಡಬೇಕೆಂಬ ನಿಯಮವಾಯಿತು. ಸೆಟವಿಯ ಐದನೆಯ ದಿನ ಈ ಪಟ್ಟಿಯ ಮೊದಲ ಎರಡು ದಿನಗಳ ಸರಿನಡುವೆ ಬೀಳುವುದು ವಿಚಾರಶೀಲರಾದ ವಾಚಕರ ಗಮನಕ್ಕೆ ಅರ್ಹವಾಗಿದೆ.

ಈ ಸೀಮೆಯ ಶಿಶುಪಾಲನೆಯ ಕಥೆಯಲ್ಲಿ ಹೆಚ್ಚಾಗಿ ವಿಚಾರಿಸತಕ್ಕ ಪ್ರಸಂಗ ಇದರ ತರುವಾಯದ್ದು. ಅದರ ಮೂಲವಿರುವುದು ಸಾಗರದಾಚೆಯ ಕೊಲಂಬಿಯಾ ದೇಶದಲ್ಲಿ. 1978ರ ಸುಮಾರಿಗೆ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ ಕಾವಿನ ಪೆಟ್ಟಿಗೆಗಳು ಸಾಲದೆ, ಒಂದೇ ಪೆಟ್ಟಿಗೆಯಲ್ಲಿ ಎರಡು ಮೂರು ಕೂಸುಗಳನ್ನು ಮಲಗಿಸಬೇಕಾಗಿ, ಸೋಂಕು ಹಬ್ಬಿ ಸಾವುಗಳು ಹೆಚ್ಚಾದಾಗ, ಎಡ್ಗರ್ ರೇ ಎಂಬ ವೈದ್ಯರು ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಟೊಪ್ಪಿಗೆ ಕಾಲುಚೀಲಗಳನ್ನು ತೊಡಿಸಿ, ಬರಿಮೈ ಬರಿಮೈಗೆ ತಾಗುವಂತೆ ನೆಟ್ಟಗೆ ಇಟ್ಟು, ಬಟ್ಟೆಯಿಂದ ಬಿಗಿದು, ಎದೆಹಾಲನ್ನಷ್ಟೇ ಕೊಡುವುದು; ಇದೇ ಕಾಂಗರೂ ತಾಯಿ ಆರೈಕೆ. ಚರ್ಮದಡಿ ಕೊಬ್ಬಿಲ್ಲದ ಸಣ್ಣ ಕೂಸು ತನ್ನ ಕಾವನ್ನು ತಾನು ಉಳಿಸಿಕೊಳ್ಳಲಾರದು. ತಾಯಿಯ ಮೈ ಅದಕ್ಕೆ ಒಲೆಯಾಗುವುದು. ಆ ಊರಿನಲ್ಲಿ ಹೀಗೆ ಬೆಳೆದವರನ್ನು 20 ವರ್ಷಗಳ ಮೇಲೆ ಮತ್ತೆ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅವರ ನಡತೆಯಲ್ಲಿ ದುಡುಕು ಚಂಚಲತೆಗಳು ಕಡಮೆಯಾಗಿದ್ದವೆಂದು ಹೇಳಿದೆ. ಪ್ರಾಣದ ಜೊತೆಗೆ ಬುದ್ಧಿಮನಸ್ಸುಗಳ ಬೆಳವಣಿಗೆಗೂ ಆ ಅಪ್ಪುಗೆ ಸಂಬಂಧಿಸಿದ್ದೆಂದಾಯಿತು.

ಈ ಪದ್ಧತಿಯನ್ನು ಒಂದೆರಡು ದೊಡ್ಡ ಆಸ್ಪತ್ರೆಗಳಿಂದ ಇಡೀ ಜಿಲ್ಲೆಗೆ ಹರಡುವುದು ಹೇಗೆಂದು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆ ಇಥಿಯೋಪಿಯಾ ಮತ್ತು ಭಾರತಗಳಲ್ಲಿ ಕೆಲವು ಕ್ಷೇತ್ರಗಳನ್ನು ಆರಿಸಿತು. ಕರ್ನಾಟಕದ ಕ್ಷೇತ್ರ ಕೊಪ್ಪಳ ಜಿಲ್ಲೆ. ಸರ್ಕಾರದ ಆರೋಗ್ಯ ಇಲಾಖೆಯ ಜೊತೆಗೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಇವು ಕೈಗೂಡಿಸಿದವು. ಎರಡು ಸಾವಿರ ಗ್ರಾಮಿಗಿಂತ ಕಡಮೆ ತೂಕದ ಕೂಸುಗಳನ್ನು ಹುಡುಕಿ ಆಸ್ಪತ್ರೆಗೆ ತರುವುದು, ಅಲ್ಲಿ ಆರೈಕೆಯನ್ನು ತೊಡಗಿಸುವುದು, ಮನೆಗೆ ಹೋದ ಮೇಲೂ ಅದನ್ನು ನಡೆಯಿಸುವುದು ಎಂದು ಕೆಲಸ ಮೂರು ಬಗೆ.

2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಲ್ಲ ಕ್ಷೇತ್ರಗಳೂ ಕೂಡಿ ಲೆಕ್ಕಕ್ಕೆ ಸಿಕ್ಕ ಕೂಸುಗಳು 3,804. ಭಾರತದ ಕ್ಷೇತ್ರಗಳಲ್ಲಿ ನೂರಕ್ಕೆ 87 ಕೂಸುಗಳಿಗೆ ಆರೈಕೆ ಆರಂಭವಾಯಿತು. ಆಸ್ಪತ್ರೆಯಿಂದ ಬಿಡುಗಡೆಯಾಗುವ ವೇಳೆಗೆ ಅದು 55ಕ್ಕೆ ಇಳಿಯಿತು. ಮನೆಗೆ ಹೋದ ಏಳನೆಯ ದಿನ ಉಳಿದ ಹೆಚ್ಚಿನ ಕ್ಷೇತ್ರಗಳು 53ರಿಂದ 65ರ ಮಟ್ಟದಲ್ಲಿ ನಿಂತಾಗ, ಕರ್ನಾಟಕದ್ದು 36. ಮೊದಲ ಅಂಕೆಯನ್ನು ನೋಡಿ ಹಿಗ್ಗುವವರು ಕೊನೆಯದನ್ನು ಎರಡು ಸಲ ಓದಬೇಕು. ಆಸ್ಪತ್ರೆಯ ಬಾಗಿಲವರೆಗೆ ಬಂದ ಕೆಲಸ ಮನೆಯ ಹೊಸ್ತಿಲಿನಲ್ಲಿ ಮುಗ್ಗರಿಸಿತು.

ತಾಯಂದಿರ ಅಜ್ಞಾನವೇ ಕಾರಣವೆಂದುಬಿಡುವುದು ಪಟ್ಟಣಿಗರಿಗೆ ಸುಲಭ. ದಿನಕ್ಕೆ ಎಂಟು ಗಂಟೆಗೂ ಮೀರಿ ಕೂಸನ್ನು ಎದೆಗೆ ಕಟ್ಟಿಕೊಂಡು ಕುಳಿತರೆ ನೀರು ತರುವವರು ಯಾರು, ರೊಟ್ಟಿ ಬಡಿಯುವವರು ಯಾರು, ಹಿರಿಯ ಮಗುವನ್ನು ನೋಡುವವರು ಯಾರು? ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯಲ್ಲಿ ಭತ್ತದ ನಾಟಿ ಕಾಯುವುದಿಲ್ಲ. ಮಳೆಯನ್ನೇ ನೆಚ್ಚಿದ ಕುಷ್ಟಗಿ ಯಲಬುರ್ಗಗಳಲ್ಲಿ ಬೆಳೆ ಕೈಕೊಟ್ಟರೆ ಮನೆಮಂದಿಯೇ ಗುಳೆ ಹೊರಡುವುದುಂಟು. ತವರಿಗೆ ಹೋದ ಬಾಣಂತಿ ತನ್ನ ಊರಿನ ಆಶಾಳ ಪಟ್ಟಿಯಿಂದ ಜಾರುವಳು. ಹಳೆಯ ಹತ್ತು ಕೈಗಳು ಕೂಲಿಗೆ ಚದುರಿವೆ. ಹೊಸ ವಿಧಿಯನ್ನು ಕಲಿಸಿದ್ದು ಹೆಚ್ಚಾಗಿ ತಾಯಿಯೊಬ್ಬಳಿಗೆ.

ಶಾಸ್ತ್ರ ಇದಕ್ಕೆ ಪರಿಹಾರವನ್ನು ತಾನೇ ಇಟ್ಟುಕೊಂಡಿದೆ. ಹಾಲುಣಿಸುವುದೊಂದನ್ನು ಬಿಟ್ಟರೆ, ಮೈಕಾವು ಕೊಡಲು ತಂದೆಯೂ ಆಗಬಹುದು, ಅಜ್ಜಿಯೂ ಆಗಬಹುದು, ಅತ್ತೆಯೂ ಆಗಬಹುದು. ಹಳೆಯ ಸೀರೆಯ ತುಂಡೊಂದೇ ಇದಕ್ಕೆ ಬೇಕಾದ ಸಲಕರಣೆ. ಕೌದಿ ಹೊಲಿಯಲು ಕೂಡುತ್ತಿದ್ದ ಆ ಓಣಿಯ ಹೆಂಗಸರು ಸರದಿಯ ಮೇಲೆ ಎರಡೆರಡು ಗಂಟೆ ಬಾಣಂತಿಯ ಮನೆಗೆಲಸಕ್ಕೆ ಕೈಕೊಟ್ಟರೆ, ಗಂಡನಾದವನು ರಾತ್ರಿ ಊಟವಾದ ಮೇಲೆ ಅಂಗಿ ಕಳಚಿ ಕೂಸನ್ನು ಎದೆಗೆ ಕಟ್ಟಿಕೊಂಡರೆ, ಏಳನೆಯ ದಿನ ಬಾಗಿಲು ತಟ್ಟುವ ಆಶಾಳಿಗೆ ಆ ಮನೆಯಲ್ಲಿ ತೊಟ್ಟಿಲು ಇನ್ನೂ ಬರಿದಾಗಿಯೇ ಇರುವುದು ಕಂಡೀತು.