ಬೃಹತ್ ದತ್ತಾಂಶ

ಬೃಹತ್ ದತ್ತಾಂಶ ಅಥವಾ ಬಿಗ್ ಡೇಟಾ ಎಂದರೆ ಸಾಂಪ್ರದಾಯಿಕ ದತ್ತಸಂಚಯ ತಂತ್ರಾಂಶಗಳಿಂದ ಸಂಗ್ರಹಿಸಲು, ನಿರ್ವಹಿಸಲು ಹಾಗೂ ವಿಶ್ಲೇಷಿಸಲು ಕಷ್ಟವಾಗುವಷ್ಟು ದೊಡ್ಡದಾದ ಮಾಹಿತಿಯ ಸಮೂಹ. ಇಂತಿಷ್ಟು ಗಾತ್ರವಿದ್ದರೆ ಮಾತ್ರ ಬೃಹತ್ ದತ್ತಾಂಶ ಎಂಬ ನಿಶ್ಚಿತ ಅಳತೆಯಿಲ್ಲ. ಒಂದೇ ಗಣಕಯಂತ್ರದ ಸಾಮರ್ಥ್ಯ ಸಾಲದೆ ಕೆಲಸವನ್ನು ಅನೇಕ ಯಂತ್ರಗಳಿಗೆ ಹಂಚಬೇಕಾದ ಸ್ಥಿತಿಯನ್ನು ಈ ಪದವು ಸಾಮಾನ್ಯವಾಗಿ ಸೂಚಿಸುತ್ತದೆ. ಹುಡುಕು ತಾಣಗಳು, ಬ್ಯಾಂಕಿಂಗ್, ಹವಾಮಾನ ಮುನ್ಸೂಚನೆ, ವೈದ್ಯಕೀಯ ಸಂಶೋಧನೆ ಮತ್ತು ಸರ್ಕಾರಿ ಆಡಳಿತದಲ್ಲಿ ಇದರ ಬಳಕೆಯಿದೆ.

ಹಿನ್ನೆಲೆ

ಮಾಹಿತಿಯ ಪ್ರಮಾಣವು ಅದನ್ನು ಎಣಿಸುವ ಸಾಧನಗಳನ್ನು ಮೀರುವುದು ಹೊಸ ಸಮಸ್ಯೆಯಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ 1880ರ ಜನಗಣತಿಯ ಲೆಕ್ಕವನ್ನು ಕೈಯಿಂದ ಮುಗಿಸಲು ಸುಮಾರು ಎಂಟು ವರ್ಷ ಹಿಡಿಯಿತು. 1890ರ ಗಣತಿಯಲ್ಲಿ ಹರ್ಮನ್ ಹಾಲರಿತ್ ರೂಪಿಸಿದ, ರಂಧ್ರಗಳಿರುವ ಕಾರ್ಡುಗಳನ್ನು ಎಣಿಸುವ ವಿದ್ಯುತ್ ಯಂತ್ರಗಳನ್ನು ಬಳಸಲಾಯಿತು. ಆತನ ಸಂಸ್ಥೆಯು ಮುಂದೆ ಬೇರೆ ಸಂಸ್ಥೆಗಳೊಡನೆ ವಿಲೀನಗೊಂಡು, 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು.

1970ರಲ್ಲಿ ಐಬಿಎಂನ ಇ. ಎಫ್. ಕಾಡ್ ಅವರು ಮಾಹಿತಿಯನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಜೋಡಿಸುವ ಮಾದರಿಯನ್ನು ಮಂಡಿಸಿದರು. ಬ್ಯಾಂಕು ಮತ್ತು ಕಚೇರಿಗಳ ದಾಖಲೆಗಳಿಗೆ ಈ ಮಾದರಿ ಹೊಂದಿಕೆಯಾಯಿತು. ಆದರೆ 1990ರ ದಶಕದ ಅಂತ್ಯದ ವೇಳೆಗೆ ಅಂತರ್ಜಾಲದಲ್ಲಿ ಹೆಚ್ಚಿದ ಪುಟಗಳು, ಚಿತ್ರಗಳು ಮತ್ತು ಬಳಕೆಯ ದಾಖಲೆಗಳು ಕೋಷ್ಟಕಗಳ ಚೌಕಟ್ಟಿಗೆ ಸುಲಭವಾಗಿ ಒಗ್ಗಲಿಲ್ಲ.

ಲಕ್ಷಣಗಳು

2001ರಲ್ಲಿ ಮೆಟಾ ಗ್ರೂಪ್ ಸಂಸ್ಥೆಯ ವಿಶ್ಲೇಷಕ ಡಗ್ ಲೇನಿ ದತ್ತಾಂಶ ನಿರ್ವಹಣೆಯ ಸವಾಲನ್ನು ಮೂರು ಬಗೆಯಾಗಿ ಗುರುತಿಸಿದರು: ಗಾತ್ರ, ವೇಗ ಮತ್ತು ವೈವಿಧ್ಯ. ಸಂಗ್ರಹವಾಗುವ ಮಾಹಿತಿಯ ಪ್ರಮಾಣ ಗಾತ್ರ. ಅದು ಬಂದು ಸೇರುವ ಗತಿ ವೇಗ. ಪಠ್ಯ, ಧ್ವನಿ, ಚಿತ್ರ, ಸಂವೇದಕಗಳ ಅಳತೆ ಮೊದಲಾದ ಭಿನ್ನ ರೂಪಗಳಲ್ಲಿರುವುದು ವೈವಿಧ್ಯ. ಮಾಹಿತಿ ಎಷ್ಟು ನಂಬಲರ್ಹ ಎಂಬ ವಿಶ್ವಾಸಾರ್ಹತೆಯನ್ನು ನಂತರದ ಲೇಖಕರು ಈ ಪಟ್ಟಿಗೆ ಸೇರಿಸಿದರು.

ಸಂಸ್ಕರಣೆಯ ವಿಧಾನ

ಗೂಗಲ್ ಸಂಸ್ಥೆಯ ತಂತ್ರಜ್ಞರು 2003ರಲ್ಲಿ ಗೂಗಲ್ ಫೈಲ್ ಸಿಸ್ಟಂ ಕುರಿತೂ 2004ರಲ್ಲಿ ಮ್ಯಾಪ್‌ರೆಡ್ಯೂಸ್ ಕುರಿತೂ ಪ್ರಬಂಧಗಳನ್ನು ಪ್ರಕಟಿಸಿದರು. ಇವುಗಳ ಆಧಾರದ ಮೇಲೆ ಡಗ್ ಕಟಿಂಗ್ ಮತ್ತು ಮೈಕ್ ಕ್ಯಾಫರೆಲ್ಲಾ ರೂಪಿಸಿದ ಮುಕ್ತ ತಂತ್ರಾಂಶವು 2006ರಲ್ಲಿ ಹಡೂಪ್ ಎಂಬ ಪ್ರತ್ಯೇಕ ಯೋಜನೆಯಾಯಿತು. ಕಟಿಂಗ್ ಅವರ ಮಗನ ಆಟಿಕೆಯ ಆನೆಯ ಹೆಸರೇ ಇದಕ್ಕೆ ಬಂದಿದೆ.

ಈ ವಿಧಾನದ ತಿರುಳು ಸರಳವಾದುದು. ಒಂದು ಗ್ರಂಥಾಲಯದ ಎಲ್ಲ ಪುಸ್ತಕಗಳಲ್ಲಿ ಪ್ರತಿಯೊಂದು ಪದವೂ ಎಷ್ಟು ಬಾರಿ ಬಂದಿದೆ ಎಂದು ಎಣಿಸಬೇಕೆಂದುಕೊಳ್ಳಿ. ನೂರು ಮಂದಿಗೆ ಒಂದೊಂದು ಕಪಾಟನ್ನು ವಹಿಸಿದರೆ, ಪ್ರತಿಯೊಬ್ಬರೂ ತಮ್ಮ ಕಪಾಟಿನ ಪದಗಳನ್ನು ಪಟ್ಟಿ ಮಾಡುತ್ತಾರೆ. ಇದು ಮೊದಲ ಹಂತ. ಬಳಿಕ ಒಂದೇ ಪದದ ಎಣಿಕೆಗಳನ್ನು ಒಂದೆಡೆ ತಂದು ಕೂಡಲಾಗುತ್ತದೆ. ಇದು ಎರಡನೆಯ ಹಂತ. ಇಲ್ಲಿ ಮಾಹಿತಿಯನ್ನು ಲೆಕ್ಕದ ಬಳಿಗೆ ಒಯ್ಯುವ ಬದಲು, ಮಾಹಿತಿಯಿರುವ ಯಂತ್ರದಲ್ಲಿಯೇ ಲೆಕ್ಕ ನಡೆಯುವಂತೆ ಏರ್ಪಡಿಸಲಾಗುತ್ತದೆ. ಯಂತ್ರವೊಂದು ಕೆಟ್ಟರೂ ಕೆಲಸ ನಿಲ್ಲದಿರಲೆಂದು ಹಡೂಪ್ ಸಾಮಾನ್ಯವಾಗಿ ಪ್ರತಿ ತುಣುಕಿನ ಮೂರು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇರಿಸುತ್ತದೆ. ಇದರಿಂದ ದುಬಾರಿ ಮಹಾಗಣಕಗಳಿಲ್ಲದೆ, ಸಾಧಾರಣ ಯಂತ್ರಗಳಿಂದಲೇ ದೊಡ್ಡ ಲೆಕ್ಕಗಳನ್ನು ಮಾಡಲು ಸಾಧ್ಯವಾಯಿತು.

ಹೊಸ ಪ್ರವೃತ್ತಿಗಳು

2006ರಲ್ಲಿ ಅಮೆಜಾನ್ ಆರಂಭಿಸಿದ ಕ್ಲೌಡ್ ಸೇವೆಗಳಿಂದ ಸಂಗ್ರಹಣಾ ಸ್ಥಳವನ್ನೂ ಯಂತ್ರಗಳನ್ನೂ ಬಾಡಿಗೆಗೆ ಪಡೆಯುವ ಪದ್ಧತಿ ಬೆಳೆಯಿತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ಆರಂಭವಾದ ಸ್ಪಾರ್ಕ್, ಮಧ್ಯಂತರ ಫಲಿತಾಂಶಗಳನ್ನು ಡಿಸ್ಕಿಗೆ ಬರೆಯುವ ಬದಲು ಸ್ಮೃತಿಯಲ್ಲೇ ಉಳಿಸಿಕೊಂಡು ಪುನರಾವರ್ತಿತ ಲೆಕ್ಕಗಳನ್ನು ತ್ವರಿತಗೊಳಿಸಿತು. 2011ರಲ್ಲಿ ಲಿಂಕ್ಡ್‌ಇನ್ ಬಿಡುಗಡೆ ಮಾಡಿದ ಕಾಫ್ಕಾ ಮುಕ್ತ ತಂತ್ರಾಂಶವು ಹರಿದುಬರುವ ಮಾಹಿತಿಯನ್ನು ಆಗಿಂದಾಗಲೇ ರವಾನಿಸಲು ನೆರವಾಯಿತು.

ಯಂತ್ರ ಕಲಿಕೆಯ ಇತ್ತೀಚಿನ ಬೆಳವಣಿಗೆಯೂ ದೊಡ್ಡ ಪ್ರಮಾಣದ ದತ್ತಾಂಶವನ್ನು ಅವಲಂಬಿಸಿದೆ. ಭಾಷಾ ಮಾದರಿಗಳು ಅಂತರ್ಜಾಲದ ಪಠ್ಯದಿಂದ ಕಲಿಯುವುದರಿಂದ, ಪಠ್ಯ ಹೇರಳವಾಗಿರುವ ಭಾಷೆಗಳಿಗೆ ಹೆಚ್ಚಿನ ಅನುಕೂಲ ದೊರೆಯುತ್ತದೆ. 2011ರ ಜನಗಣತಿಯ ಪ್ರಕಾರ ಕನ್ನಡವು 4.37 ಕೋಟಿ ಜನರ ಮಾತೃಭಾಷೆಯಾದರೂ ಅಂತರ್ಜಾಲದಲ್ಲಿ ಕನ್ನಡ ಪಠ್ಯದ ಪಾಲು ಅತ್ಯಲ್ಪ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡವು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಪಠ್ಯಸಂಗ್ರಹಗಳನ್ನು ಸಿದ್ಧಪಡಿಸಿದೆ.

ಮಿತಿಗಳು

ಗಾತ್ರವು ನಿಖರತೆಯ ಖಾತರಿಯಲ್ಲ. 2008ರಲ್ಲಿ ಆರಂಭವಾದ ಗೂಗಲ್ ಫ್ಲೂ ಟ್ರೆಂಡ್ಸ್, ಜನರು ಹುಡುಕುವ ಪದಗಳ ಆಧಾರದ ಮೇಲೆ ಫ್ಲೂ ಜ್ವರದ ಹರಡುವಿಕೆಯನ್ನು ಅಂದಾಜಿಸುತ್ತಿತ್ತು. 2012–13ರ ಚಳಿಗಾಲದಲ್ಲಿ ಅದರ ಅಂದಾಜು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಅಂಕಿಗಳ ಸುಮಾರು ಎರಡರಷ್ಟಿತ್ತು. ಚಳಿಗಾಲದಲ್ಲಿ ಸಹಜವಾಗಿ ಹೆಚ್ಚುವ ಹುಡುಕಾಟಗಳನ್ನು ರೋಗದ ಸೂಚನೆಯೆಂದು ಭಾವಿಸಿದ್ದೂ ಹುಡುಕು ತಾಣದಲ್ಲೇ ಆದ ಬದಲಾವಣೆಗಳೂ ಇದಕ್ಕೆ ಕಾರಣವೆಂದು ಸಂಶೋಧಕರು 2014ರಲ್ಲಿ ವಿವರಿಸಿದರು. 2015ರಲ್ಲಿ ಈ ಅಂದಾಜುಗಳ ಪ್ರಕಟಣೆ ನಿಂತಿತು.

ದತ್ತಾಂಶ ದೊಡ್ಡದಾದಷ್ಟೂ ಸಣ್ಣ ದೋಷದ ಪರಿಣಾಮವೂ ದೊಡ್ಡದಾಗುತ್ತದೆ. ನೂರು ಕೋಟಿ ಜನರ ದಾಖಲೆಗಳಲ್ಲಿ ಶೇಕಡಾ 1ರಷ್ಟು ತಪ್ಪಿದ್ದರೆ ಒಂದು ಕೋಟಿ ಜನರು ತೊಂದರೆಗೆ ಸಿಲುಕುತ್ತಾರೆ.

ಭಾರತದಲ್ಲಿ

ಆಧಾರ್ ಜಗತ್ತಿನ ಅತಿ ದೊಡ್ಡ ಜೈವಿಕ ಗುರುತಿನ ದತ್ತಸಂಚಯ. ಇದರ ಮೊದಲ ಸಂಖ್ಯೆಯನ್ನು 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ತೆಂಭ್ಲಿ ಗ್ರಾಮದಲ್ಲಿ ನೀಡಲಾಯಿತು. ಪ್ರಾಧಿಕಾರದ ದತ್ತಾಂಶ ಕೇಂದ್ರಗಳು ಬೆಂಗಳೂರು ಮತ್ತು ಹರಿಯಾಣದ ಮಾನೇಸರ್‌ನಲ್ಲಿವೆ. ಒಬ್ಬರಿಗೆ ಎರಡು ಸಂಖ್ಯೆ ಹೋಗದಂತೆ ಹೊಸಬರ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತನ್ನು ಹಳೆಯ ದಾಖಲೆಗಳೊಂದಿಗೆ ಹೋಲಿಸಬೇಕಾಗುತ್ತದೆ. ಉದಾಹರಣೆಗೆ, 60 ಕೋಟಿ ದಾಖಲೆಗಳಿರುವಾಗ ದಿನಕ್ಕೆ 10 ಲಕ್ಷ ಜನರು ನೋಂದಾಯಿಸಿದರೆ 600 ಲಕ್ಷ ಕೋಟಿ ಹೋಲಿಕೆಗಳಾಗುತ್ತವೆ. ದುಡಿಮೆಯಿಂದಲೋ ವಯಸ್ಸಿನಿಂದಲೋ ಬೆರಳ ಗೆರೆಗಳು ಸವೆದವರ ದೃಢೀಕರಣ ವಿಫಲಗೊಂಡು, ಪಡಿತರದಂತಹ ಸೌಲಭ್ಯಕ್ಕೆ ಅಡ್ಡಿಯಾಗುವುದು ಈ ವ್ಯವಸ್ಥೆಯ ಮೇಲಿನ ಪ್ರಮುಖ ಟೀಕೆಗಳಲ್ಲೊಂದು.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಈ ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಈ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ಘೋಷಿಸಿತು. 2018ರ ತೀರ್ಪು ಆಧಾರ್ ಯೋಜನೆಯನ್ನು ಬಹುಮತದಿಂದ ಎತ್ತಿಹಿಡಿದರೂ ಅದರ ಬಳಕೆಗೆ ಮಿತಿಗಳನ್ನು ಹಾಕಿತು. ವೈಯಕ್ತಿಕ ಡಿಜಿಟಲ್ ದತ್ತಾಂಶದ ಸಂರಕ್ಷಣೆಗಾಗಿ ಸಂಸತ್ತು 2023ರಲ್ಲಿ ಪ್ರತ್ಯೇಕ ಕಾಯಿದೆಯನ್ನು ಅಂಗೀಕರಿಸಿತು.